ಹಿಡಿ ಜೋಳದ ಲೆಕ್ಕ



ಈ ತಿಂಗಳ ಚಿಂತನೆಯನ್ನು ಒಂದು ಕಲ್ಲಿನಿಂದ ಆರಂಭಿಸಲು ತಮ್ಮ ಅಪ್ಪಣೆ ಬೇಡುತ್ತೇನೆ. ಅದು ಇತಿಹಾಸಕಾರರು ಓದುವ ಶಿಲಾಶಾಸನವಲ್ಲ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಒಂದು ಕರಿಯ ಕಲ್ಲು. 1998ರಲ್ಲಿ ನಮ್ಮ ತಂದೆಯವರು ಲಿಂಗೈಕ್ಯರಾದರು. ಆ ವರ್ಷ ನಮ್ಮ ಭಾಗದ ಒಂದು ಮಠದ ದಾಸೋಹ ಮಂದಿರಕ್ಕೆ ಅವರ ಸ್ಮರಣಾರ್ಥವಾಗಿ ಐದು ಸಾವಿರದ ಒಂದು ರೂಪಾಯಿಗಳನ್ನು ಸಲ್ಲಿಸಿದ್ದೆ. ಶಾಲಾ ಮಾಸ್ತರನ ಸಂಬಳದಲ್ಲಿ ಅದು ಸಣ್ಣ ಮೊತ್ತವಾಗಿರಲಿಲ್ಲ. ಮಠದವರು ಪ್ರೀತಿಯಿಂದ ಗೋಡೆಗೆ ಕಲ್ಲು ಕೂರಿಸಿದರು. ಅದರ ಮೇಲೆ ತಂದೆಯವರ ಹೆಸರು, ಊರು, ಮೊತ್ತ. ಅದರ ಕೆಳಗೆ ಸಲ್ಲಿಸಿದ ಮಗನೆಂದು ನನ್ನ ಹೆಸರು. ತಂದೆಯವರ ಹೆಸರಿಗಿಂತ ನನ್ನ ಹೆಸರಿನ ಅಕ್ಷರಗಳು ತುಸು ದಪ್ಪವಾಗಿದ್ದವು. ಅದನ್ನು ಆಗ ನಾನು ಗಮನಿಸಿರಲಿಲ್ಲವೆಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಗಮನಿಸಿಯೂ ಸುಮ್ಮನಿದ್ದೆನೆಂಬುದೇ ಸತ್ಯ.

ಈಚೆಗೆ ಬೇಸಿಗೆಯಲ್ಲಿ ಆ ಮಠಕ್ಕೆ ಹೋದಾಗ ಹಳೆಯ ಮಂದಿರವನ್ನು ಕೆಡವಿ ದೊಡ್ಡದೊಂದನ್ನು ಕಟ್ಟುತ್ತಿದ್ದರು. ಭಕ್ತರ ಸಂಖ್ಯೆ ಹೆಚ್ಚಿದೆ, ಹಳೆಯದು ಸಾಲದಾಗಿತ್ತು. ಕಟ್ಟಡ ಕೆಡವಿದ ಮಣ್ಣು-ಇಟ್ಟಿಗೆಗಳ ರಾಶಿಯಲ್ಲಿ ಹತ್ತಾರು ಹೆಸರಿನ ಕಲ್ಲುಗಳೊಂದಿಗೆ ನಮ್ಮ ಕಲ್ಲೂ ಮಗ್ಗುಲಾಗಿ ಬಿದ್ದಿತ್ತು. ಒಂದು ಮೂಲೆ ಮುಕ್ಕಾಗಿತ್ತು. ನನಗೆ ತಡೆಯಲಾರದಷ್ಟು ನೋವಾಯಿತು. ಒಂದು ಮಾತು ತಿಳಿಸಬಾರದಿತ್ತೇ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು, ಪ್ರಸಾದ ಸ್ವೀಕರಿಸದೆ ಹಿಂದಿರುಗಿದೆ. ದಾಸೋಹಕ್ಕೆ ಕೊಟ್ಟವನು ದಾಸೋಹದ ಪ್ರಸಾದವನ್ನೇ ಬಿಟ್ಟು ಬಂದ ವಿಚಿತ್ರವನ್ನು ವಾಚಕರು ಗಮನಿಸಬೇಕು.

ದಾರಿಯಲ್ಲಿ ದೊಡ್ಡವ್ವನ ಮನೆಗೆ ಹೋದೆ. ದೊಡ್ಡವ್ವನೆಂದರೆ ನಮ್ಮ ತಾಯಿಯ ಹಿರಿಯ ಸಹೋದರಿ. ತೊಂಬತ್ತು ದಾಟಿದ ಜೀವ. ಕೃಷ್ಣೆಯ ಹಿನ್ನೀರಿನಲ್ಲಿ ಊರು ಮುಳುಗಿದ ಮೇಲೆ ಪುನರ್ವಸತಿ ಕೇಂದ್ರದಲ್ಲಿ ಮಗನ ಮನೆಯಲ್ಲಿದ್ದಾಳೆ. ನಾನು ಹೋದಾಗ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು.

“ದೊಡ್ಡವ್ವಾ, ಅಪ್ಪನ ಹೆಸರಿನ ಕಲ್ಲ ಕಿತ್ತು ಒಗದಾರ” ಎಂದೆ.

ಅವಳು ಕೈ ನಿಲ್ಲಿಸದೆಯೇ ಕೇಳಿದಳು: “ಅಲ್ಲಿ ಮಂದಿ ಉಂಡಾರಿಲ್ಲೋ ತಮ್ಮಾ?”

“ಇಪ್ಪತ್ತೈದು ವರ್ಷದ ಮ್ಯಾಲೆ ಉಂಡಾರ.”

“ಮತ್ತ ಹಸಿವು ಮಂದಿಗಿತ್ತೋ, ಕಲ್ಲಿಗಿತ್ತೋ?”

ನಾನು ಉತ್ತರಿಸಲಿಲ್ಲ. ಅವಳು ಉತ್ತರವನ್ನು ಕಾಯಲೂ ಇಲ್ಲ. ಚಹಾ ಕುಡಿಯುತ್ತೀಯೋ ಮಜ್ಜಿಗೆಯೋ ಎಂದು ಕೇಳಿದಳು.

ಹೀಗೆ ಮಾತನಾಡುವ ಅಧಿಕಾರ ಅವಳಿಗೆ ಎಲ್ಲಿಂದ ಬಂದಿತೆಂಬುದನ್ನು ಹೇಳಬೇಕು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟೆ ಕಟ್ಟಲು 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಆ ಸ್ಥಳ ಆಗ ಬಸವನ ಬಾಗೇವಾಡಿ ತಾಲೂಕಿನಲ್ಲಿತ್ತು, ಈಗ ನಿಡಗುಂದಿ ತಾಲೂಕಿಗೆ ಸೇರಿದೆ. ಕಟ್ಟೆ ಪೂರ್ಣಗೊಂಡು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಯಾಗುವಷ್ಟರಲ್ಲಿ ನಾಲ್ಕು ದಶಕಗಳೇ ಕಳೆದವು. ಅಡಿಗಲ್ಲಿನ ಕಾಲದಲ್ಲಿ ತರುಣಿಯಾಗಿದ್ದ ದೊಡ್ಡವ್ವ ನೀರು ಬಂದಾಗ ಮುದುಕಿಯಾಗಿದ್ದಳು. ಮೂರು ತಲೆಮಾರಿನ ಮನೆ, ಕಣ, ಹಗೇವು, ಹಿತ್ತಲಿನ ಬೇವಿನ ಮರ, ಮಾವನವರ ಗದ್ದಿಗೆ, ಹಾಗೂ ಊರಿನ ಮಠ ಎಲ್ಲವೂ ನೀರಿನ ಕೆಳಗಾದವು. ಆ ಮಠದ ಕಟ್ಟೆಯ ಮೇಲೂ ಹೆಸರಿನ ಕಲ್ಲುಗಳಿದ್ದವು. ನೂರು ವರ್ಷ ಉಳಿಯಲೆಂದು ಕೆತ್ತಿಸಿದವರ ಹೆಸರುಗಳನ್ನು ಈಗ ಮೀನುಗಳು ಓದಬೇಕು. ಪರಿಹಾರದ ಹಣವೂ ಬಂದಿತು. ಬಂದಷ್ಟೇ ವೇಗವಾಗಿ ಅಣ್ಣತಮ್ಮಂದಿರ ನಡುವೆ ಹಂಚಿಹೋಯಿತು. ಆ ಹಂಚಿಕೆಯಲ್ಲಿ ಕೆಲವು ಮನೆಗಳ ಮಾತುಕತೆಯೂ ಮುಗಿದುಹೋಯಿತು. ಬಾಗೇವಾಡಿ, ಮುದ್ದೇಬಿಹಾಳ ಕಡೆಯ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ದೊಡ್ಡವ್ವ ಹಳೆಯ ಮನೆಯಿಂದ ತಾನಾಗಿ ಕೇಳಿ ತಂದದ್ದು ಎರಡೇ ವಸ್ತುಗಳನ್ನು. ಒಂದು, ದೇವರ ಜಗಲಿಯ ಮೇಲಿದ್ದ ಬಸವಣ್ಣನವರ ಪಟ; ಇನ್ನೊಂದು, ದಾಸೋಹದ ಗಡಿಗೆ. ಪ್ರತಿದಿನ ಬೆಳಗಿನಲ್ಲಿ ಬೀಸಲು ಜೋಳ ತೆಗೆಯುವಾಗ ಮೊದಲ ಹಿಡಿಯನ್ನು ಆ ಗಡಿಗೆಗೆ ಹಾಕಿ ಅನಂತರ ಮನೆಯ ಪಾಲು ತೆಗೆಯುವುದು ಅವಳ ಅತ್ತೆ ಕಲಿಸಿದ ಕ್ರಮ. ಬೀಸುವ ಕಲ್ಲು ಹೋಗಿ ಗಿರಣಿ ಬಂದರೂ ಕ್ರಮ ತಪ್ಪಲಿಲ್ಲ. 1972ರ ಬರಗಾಲದಲ್ಲಿ, ಮನೆಯವರೇ ಗಂಜಿ ಕುಡಿಯುವ ದಿನಗಳಲ್ಲಿ, ಹಿಡಿ ಚಿಕ್ಕದಾಯಿತಂತೆ, ನಿಲ್ಲಲಿಲ್ಲವಂತೆ. “ಬರದಾಗ ಬೆಳ್ಳ ಮಡಚಿ ಹಾಕತಿದ್ದೆ” ಎಂದು ಮುಷ್ಟಿಯನ್ನು ಬಿಗಿಹಿಡಿದು ತೋರಿಸಿದಳು.

ಈ ಹಿಡಿಯ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಒಂದು ಹಿಡಿ ಜೋಳ 50 ಗ್ರಾಂ ಎಂದಿಟ್ಟುಕೊಂಡರೆ ವರ್ಷಕ್ಕೆ 18 ಕಿಲೋ ಚಿಲ್ಲರೆಯಾಗುತ್ತದೆ. ನೂರು ಮನೆಯ ಊರಿನಲ್ಲಿ ಎಲ್ಲರೂ ಹೀಗೆ ಮಾಡಿದರೆ 18 ಕ್ವಿಂಟಲಿಗೂ ಮೇಲು. ಒಂದು ಊಟಕ್ಕೆ ಕಾಲು ಕಿಲೋಕ್ಕಿಂತ ತುಸು ಕಡಿಮೆ, ಅಂದರೆ 200 ಗ್ರಾಂ ಹಿಡಿದರೆ ಒಂಬತ್ತು ಸಾವಿರ ಊಟಗಳು. ಯಾವ ಮನೆಯೂ ಬಡವಾಗಲಿಲ್ಲ. ಯಾರ ಹೆಸರೂ ಗೋಡೆಯ ಮೇಲೆ ಏರಲಿಲ್ಲ. ಒಂಬತ್ತು ಸಾವಿರ ಸಲ ಒಬ್ಬ ಹಸಿದವನು ಎಲೆಯ ಮುಂದೆ ಕುಳಿತು ಎದ್ದ. ನನ್ನ ಐದು ಸಾವಿರದ ಒಂದು ರೂಪಾಯಿ ಎಷ್ಟು ಊಟವಾಯಿತೆಂದು ನಾನು ಎಂದೂ ಲೆಕ್ಕ ಹಾಕಿರಲಿಲ್ಲ. ಅಕ್ಷರಗಳಿಗೆ ಎಷ್ಟು ಖರ್ಚಾಯಿತೆಂಬುದು ಮಾತ್ರ ನೆನಪಿತ್ತು.

ಗಡಿಗೆಯನ್ನು ನೋಡುತ್ತ ಕುಳಿತಾಗ ನನ್ನ ಮನಸ್ಸು ಇಂಡಿಯ ಕಡೆ ಹರಿಯಿತು. ಇಂಡಿಗೆ ಸಮೀಪದಲ್ಲಿ ಸಾಲೋಟಗಿ ಎಂಬ ಗ್ರಾಮವುಂಟು. ಅಲ್ಲಿಯ ಶಿವಯೋಗೀಶ್ವರನ ಭಕ್ತರು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿದ್ದಾರೆ. ಆ ಊರಿನ ಕಂಬವೊಂದರ ಮೇಲೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ಅಂದು ಊರಿನ ಹೆಸರು ಪಾವಿಟ್ಟಗೆ. ಕೃಷ್ಣನ ಮಂತ್ರಿ, ಗಜಾಂಕುಶನೆಂಬ ಬಿರುದಿನ ನಾರಾಯಣನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವು. ಅವರ ನಿರ್ವಾಹಕ್ಕೆ 500 ನಿವರ್ತನ ಭೂಮಿ, ದೀಪದ ಎಣ್ಣೆಗಾಗಿಯೇ ಪ್ರತ್ಯೇಕವಾಗಿ 12 ನಿವರ್ತನ, ಗುರುವಿಗೆ 50 ನಿವರ್ತನ. ರಾತ್ರಿ ಓದುವ ಹುಡುಗನ ದೀಪವನ್ನು ಮರೆಯದ ಆ ದಾನಿಯ ಬುದ್ಧಿಯನ್ನು ಮೆಚ್ಚಲೇಬೇಕು. ಆದರೆ ನನ್ನನ್ನು ಸೆಳೆದದ್ದು ಮಂತ್ರಿಯ ಭೂದಾನವಲ್ಲ, ಅದೇ ಶಾಸನದ ಇನ್ನೊಂದು ಮಾತು. ಊರಿನವರು ತಮ್ಮ ಮನೆಯಲ್ಲಿ ಮದುವೆಯಾದಾಗ ಐದು ನಾಣ್ಯ, ಉಪನಯನವಾದಾಗ ಅದರ ಅರ್ಧ, ಚೌಲಕ್ಕೆ ಅದಕ್ಕೂ ಕಡಿಮೆ, ಹೀಗೆ ಶಾಲೆಗೆ ಸಲ್ಲಿಸಬೇಕೆಂದು ಕಟ್ಟಳೆಯಾಗಿತ್ತು. ಮನೆಗೆ ಮಂಗಳ ಬಂದ ದಿನ ಪರರ ಮಗನ ವಿದ್ಯೆಗೂ ಒಂದು ಪಾಲು. ಸಾವಿರ ವರ್ಷಗಳ ಹಿಂದಿನ ಹಿಡಿ ಜೋಳವೇ ಅದು.

ಇಂದು ಸಾಲೋಟಗಿಯಲ್ಲಿ ಆ 27 ಮನೆಗಳಿಲ್ಲ. ರಾಷ್ಟ್ರಕೂಟರ ಸಾಮ್ರಾಜ್ಯವಂತೂ ಆ ಶಾಸನದ ಮುಂದಿನ ಮೂವತ್ತು ವರ್ಷಗಳಲ್ಲೇ ಮಣ್ಣಾಯಿತು. ಉಳಿದದ್ದು ಒಂದು ಕಂಬ, ಮತ್ತು ಒಂದು ಹೆಸರು. ಶಾಲೆಯ ಪಾವಿಟ್ಟಗೆ ಎಂಬುದೇ ಜನರ ಬಾಯಲ್ಲಿ ಸಾಲೋಟಗಿ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. ಇಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನು ಸಾಲೋಟಗಿ ಎಂದು ಕೂಗಿದಾಗಲೆಲ್ಲ ತನಗರಿವಿಲ್ಲದೆ ಆ ಶಾಲೆಯನ್ನೇ ಕೂಗುತ್ತಾನೆ. ಮದುವೆಯ ದಿನ ಐದು ನಾಣ್ಯ ಕೊಟ್ಟ ಒಬ್ಬ ಗೃಹಸ್ಥನ ಹೆಸರೂ ನಮಗೆ ತಿಳಿಯದು.

ಆ ಶಾಲೆ ವೇದಾಧ್ಯಯನದ ಅಗ್ರಹಾರದ ಶಾಲೆ. ಹೊಲದಲ್ಲಿ ದುಡಿದವನ ಮಗ ಅದರ ಹೊಸ್ತಿಲು ತುಳಿದಿರಲಾರ ಎಂಬುದನ್ನೂ ಮರೆಯಬಾರದು. ಎರಡು ಶತಮಾನಗಳ ಅನಂತರ ಇಂಥದೇ ಇನ್ನೊಂದು ಅಗ್ರಹಾರವಾದ ಬಾಗೇವಾಡಿಯಲ್ಲಿ ಹುಟ್ಟಿದ ಬಾಲಕನು ಆ ಹೊಸ್ತಿಲನ್ನೇ ಪ್ರಶ್ನಿಸಿ ಹೊರನಡೆದನಷ್ಟೆ. ಅವರು ಕೊಡುವ ಕೈಯ ಭಾವವನ್ನೇ ಬದಲಿಸಿದರು. ದಾನವೆಂದರೆ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತನ್ನ ಕಾಯಕದಿಂದ ಬಂದದ್ದನ್ನು ಮಾತ್ರ ಕೊಡಬೇಕು, ಕೊಟ್ಟೆನೆಂಬುದನ್ನು ಮರೆಯಬೇಕು. ಕೊಟ್ಟವನ ಹೆಮ್ಮೆಯನ್ನು ಅಣ್ಣನವರು ಎಷ್ಟು ಕಠಿಣವಾಗಿ ಖಂಡಿಸಿದ್ದಾರೆಂಬುದನ್ನು ನಿತ್ಯ ವಚನ ಪಾರಾಯಣ ನಡೆಯುವ ಮನೆಗಳಿಗೆ ನಾನು ಬರೆದು ತಿಳಿಸಬೇಕಾಗಿಲ್ಲ.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಮಾತ್ರ ಇಲ್ಲಿ ನೆನೆಯುತ್ತೇನೆ. ಅವರು ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಸಿಗುವ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಲಕ್ಕಮ್ಮ ಸಂತೋಷಪಡಲಿಲ್ಲ, ಹೆಚ್ಚಾದದ್ದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಚೆಲ್ಲಿ ಬನ್ನಿರೆಂದು ಗಂಡನನ್ನು ಕಳುಹಿದಳು. ದಾಸೋಹಕ್ಕೆ ಹೆಚ್ಚು ಬಂದರೆ ಒಳ್ಳೆಯದೇ ಅಲ್ಲವೇ ಎಂದು ನಮ್ಮ ಇಂದಿನ ಸಮಿತಿಗಳು ಕೇಳಿಯಾವು. ಆ ತಾಯಿ ಕೇಳಿದ್ದು ಬೇರೆ ಪ್ರಶ್ನೆ: ಇದರಲ್ಲಿ ನಮ್ಮ ಬೆವರೆಷ್ಟು, ಆಸೆಯೆಷ್ಟು? ಇತ್ತೀಚೆಗೆ ನಮ್ಮ ಸಮಾರಂಭಗಳಲ್ಲಿ ದೊಡ್ಡ ಮೊತ್ತ ಘೋಷಿಸುವವರಿಗೆ ವೇದಿಕೆಯ ಮೇಲೆ ಶಾಲು ಹೊದಿಸುವಾಗ ಹಣದ ಮೂಲವನ್ನು ಯಾರಾದರೂ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಲಕ್ಕಮ್ಮ ಆ ಸಭೆಯಲ್ಲಿದ್ದರೆ ಎಷ್ಟು ಶಾಲುಗಳು ಉಳಿಯುತ್ತಿದ್ದವೋ!

ಕಲ್ಯಾಣದಲ್ಲಿ ಕ್ರಾಂತಿಯಾಗಿ ಮಹಾಮನೆ ಹೋಯಿತು, ಬಿಜ್ಜಳನ ಸಿಂಹಾಸನವೂ ಹೋಯಿತು. ಶರಣರು ದಿಕ್ಕಾಪಾಲಾದರು. ನೀಲಾಂಬಿಕೆ ತಾಯಿ ಐಕ್ಯಳಾದಳೆಂದು ನಂಬುವ ತಂಗಡಗಿ ನಮ್ಮ ಮುದ್ದೇಬಿಹಾಳ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿದೆ. ಆದರೆ ದಾಸೋಹ ಹೋಗಲಿಲ್ಲ. ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರಿಗೆ ದಾರಿಯ ಊರೂರಿನಲ್ಲಿ ಮಜ್ಜಿಗೆ, ರೊಟ್ಟಿ, ಕಾಲಿಗೆ ಎಣ್ಣೆ ದೊರೆಯುವುದನ್ನು ನೋಡಿದವರು ಮಹಾಮನೆ ಎಲ್ಲಿದೆ ಎಂದು ಕೇಳಲಾರರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ತಾಲೂಕುಗಳ ನದಿದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಸಿಂದಗಿ ಕಡೆಯ ಒಂದು ಹಳ್ಳಿಗೆ ನಾವು ಕೆಲವರು ಹೋಗಿದ್ದೆವು. ಶಾಲೆಯ ಕೋಣೆಯಲ್ಲಿ ಆಶ್ರಯ ಪಡೆದವರ ಮುಂದೆ ಕಟಕ ರೊಟ್ಟಿಯ ಗಂಟುಗಳು, ಶೇಂಗಾ ಹಿಂಡಿಯ ಡಬ್ಬಿಗಳು ಬಂದು ಬಿದ್ದಿದ್ದವು. ಯಾವ ಊರಿನವೆಂದು ಕೇಳಿದರೆ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಒಂದು ಗಂಟಿನ ಬಟ್ಟೆ ಮಾತ್ರ ಹಳೆಯ ಇಳಕಲ್ಲ ಸೀರೆಯ ಸೆರಗಾಗಿತ್ತು. ಯಾವ ತಾಯಿಯದೋ.

ಈಗ ಒಬ್ಬ ಮಹನೀಯರ ಮಾತು. ಹನ್ನೆರಡನೆಯ ಶತಮಾನದ ವಚನಗಳು ನಮಗೆ ಹೇಗೆ ಬಂದವು? ಇಂಗಳೇಶ್ವರದ ಶಿಲಾಮಂಟಪದಲ್ಲಿ ಅವುಗಳನ್ನು ಕಲ್ಲಿನಲ್ಲಿ ಕಡೆದದ್ದು ಈ ಕಾಲದಲ್ಲಿ. ಅದಕ್ಕೆ ಮುನ್ನ ಶತಮಾನಗಳ ಕಾಲ ಓಲೆಗರಿಯ ಕಟ್ಟುಗಳು ಮಠಗಳಲ್ಲಿ, ಸಾಮಾನ್ಯ ಮನೆಗಳ ಜಗಲಿಯ ಮೇಲೆ ವಿಭೂತಿ-ಪತ್ರಿಗಳ ನಡುವೆ ಇದ್ದವು. ಅವನ್ನು ಹುಡುಕಿ, ಓದಿ, ಅಚ್ಚಿಗೆ ತಂದವರು ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ 1904ರಲ್ಲಿ ವಕೀಲರಾಗಿ ವಿಜಯಪುರಕ್ಕೆ ಬಂದ ಈ ಹಿರಿಯರು ಮನಸ್ಸು ಮಾಡಿದ್ದರೆ ದೊಡ್ಡ ವಾಡೆಯನ್ನೇ ಕಟ್ಟಿಸಬಹುದಾಗಿತ್ತು. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯನ್ನೂ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಆರಂಭಿಸಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂದಿತು. ಮುಂದಿನ ಅಚ್ಚಿನ ಕೆಲಸಕ್ಕಾಗಿ ಸ್ವಂತ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರಿಗಿಂತ ಮುನ್ನ ಐವತ್ತರಷ್ಟು ವಚನಕಾರರ ಹೆಸರು ತಿಳಿದಿದ್ದರೆ, ಅವರ ಶ್ರಮದಿಂದ ಇನ್ನೂರೈವತ್ತು ಮಂದಿಯ ಪರಿಚಯವಾಯಿತೆಂದು ಬಲ್ಲವರು ಹೇಳುತ್ತಾರೆ. ಬ್ಯಾಂಕು ಕಟ್ಟಿದವರು ಬಾಡಿಗೆ ಮನೆಯಲ್ಲಿದ್ದರು.

ಅವರು ಲಿಂಗೈಕ್ಯರಾದದ್ದು 1964ರ ಜೂನ್ 29ರಂದು. ಆಲಮಟ್ಟಿಯ ಅಡಿಗಲ್ಲಿಗೆ ಐದು ವಾರಗಳ ತರುವಾಯ. ಒಂದೇ ಬೇಸಿಗೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಊರುಗಳು ಮುಳುಗುವುದಕ್ಕೆ ಮುಹೂರ್ತವಾಯಿತು, ಮುಳುಗಿಹೋಗಬಹುದಾಗಿದ್ದ ವಚನಗಳನ್ನು ಮೇಲೆತ್ತಿದವರು ಕಣ್ಮುಚ್ಚಿದರು. ಇದು ಕೇವಲ ಆಕಸ್ಮಿಕ; ಆದರೂ ಮನಸ್ಸಿನಿಂದ ಹೋಗುವುದಿಲ್ಲ. ಅವರ ವಿದ್ಯಾಸಂಸ್ಥೆಯನ್ನು ಮುಂದೆ ಬೆಳೆಸಿದವರಲ್ಲಿ ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳನ್ನು ನೆನೆಯದಿದ್ದರೆ ಅಪರಾಧವಾದೀತು. ಇಂದು ಸಾವಿರಾರು ಮಕ್ಕಳು ಅಲ್ಲಿ ಓದುತ್ತಾರೆ. ಮಾರಿಹೋದ ಆ ಮನೆ ಯಾವ ಓಣಿಯಲ್ಲಿತ್ತೆಂದು ಅವರಲ್ಲಿ ಎಷ್ಟು ಜನ ಕೇಳಿಯಾರು?

ನಮ್ಮ ಕಣ್ಣೆದುರಿನ ಇನ್ನೊಂದು ನಿದರ್ಶನವೂ ಉಂಟು. ವಿಜಯಪುರ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹ ಬಿಟ್ಟಾಗ ಲಕ್ಷಾಂತರ ಜನ ಸಾಲುಗಟ್ಟಿದ್ದರು. ಅವರ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀ ಪ್ರಶಸ್ತಿಯನ್ನು ವಿನಯದಿಂದ ಹಿಂದಿರುಗಿಸಿದ್ದರು. 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟ ಪತ್ರದಲ್ಲಿ, ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ತಿಳಿಸಿದ್ದರು. ಗದ್ದಿಗೆಯ ಪರಂಪರೆಯಲ್ಲಿ ಬೆಳೆದ ನಮಗೆ ಇದು ಜೀರ್ಣವಾಗುವ ಮಾತಲ್ಲ. ನನಗೂ ಆಗ ಒಂದು ಗದ್ದಿಗೆಯಾದರೂ ಇರಬೇಕಿತ್ತೆನಿಸಿತ್ತು. ಮುಕ್ಕಾದ ಕಲ್ಲನ್ನು ಕಂಡ ಮೇಲೆ ಆ ಪತ್ರ ಸ್ವಲ್ಪ ಅರ್ಥವಾಗತೊಡಗಿದೆ.

ಹಾಗೆಂದು ಹೆಸರಿನ ಕಲ್ಲುಗಳೆಲ್ಲ ಪಾಪವೆಂದು ನಾನು ಹೇಳುವುದಿಲ್ಲ. ಹೆಸರು ಬರೆದರೆ ಲೆಕ್ಕ ನಿಚ್ಚಳವಾಗಿರುತ್ತದೆ, ನೋಡಿದ ನಾಲ್ವರಿಗೆ ಪ್ರೇರಣೆಯೂ ಆಗುತ್ತದೆ. ಸಾಲೋಟಗಿಯ ಕಂಬವಿಲ್ಲದಿದ್ದರೆ ಆ ಐದು ನಾಣ್ಯಗಳ ಸುದ್ದಿಯೂ ನಮಗೆ ತಿಳಿಯುತ್ತಿರಲಿಲ್ಲ. ಪತ್ರಿಕೆಗಳೂ ಪೋಷಕರ ಹೆಸರುಗಳನ್ನು ಅಚ್ಚು ಮಾಡುತ್ತವೆ; ಆದ್ದರಿಂದ ಈ ಮಾತನ್ನು ಮೆಲ್ಲಗೆ ಆಡುತ್ತಿದ್ದೇನೆ. ಈಗಿನ ಮಕ್ಕಳು ಬೆಂಗಳೂರು, ಪುಣೆಗಳಿಂದ ಮೊಬೈಲಿನಲ್ಲೇ ಕ್ಷಣಾರ್ಧದಲ್ಲಿ ಸೇವೆ ಸಲ್ಲಿಸುತ್ತಾರೆ. ಅದೂ ಒಳ್ಳೆಯದೇ. ನನ್ನ ಸಂಶಯ ಒಂದೇ: ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಕೊಡುವ ಸಾವಿರಕ್ಕೆ ದಿನಕ್ಕೊಮ್ಮೆ ತೆಗೆಯುವ ಹಿಡಿಯ ಕೆಲಸ ಮಾಡಲು ಬರುತ್ತದೆಯೇ? ಹಿಡಿ ತೆಗೆಯುವಾಗ ಮನೆಯ ಪಾಲು ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತದೆ. ಮನೆಯ ಮಗು ಪಕ್ಕದಲ್ಲಿ ನಿಂತು ನೋಡುತ್ತದೆ.

ದೊಡ್ಡವ್ವನ ಮನೆಯಲ್ಲಿ ಆ ಕೆಲಸ ಈಗ ಮರಿಮಗಳದು. ಆರು ವರ್ಷದ ಹುಡುಗಿ; ಶಾಲೆಗೆ ಹೋಗುವ ಮುನ್ನ ಗಡಿಗೆಗೆ ಜೋಳ ಹಾಕಬೇಕು. ಅವಳ ಹಿಡಿ ಸಣ್ಣದಲ್ಲವೇ ಎಂದೆ. “ಅದಕ್ಕs ಎರಡ ಹಿಡಿ ಹಾಕಸ್ತೀನಿ” ಎಂದಳು ದೊಡ್ಡವ್ವ.

ಮೊನ್ನೆ ಮತ್ತೆ ಆ ಮಠಕ್ಕೆ ಹೋಗಿದ್ದೆ. ಹೊಸ ಮಂದಿರದ ಕೆಲಸ ಛಾವಣಿಯವರೆಗೆ ಬಂದಿದೆ. ಹಳೆಯ ಕಲ್ಲನ್ನು ಹುಡುಕಿಸಿ ಗೋಡೆಗೆ ಕೂರಿಸುತ್ತೇವೆಂದು ವ್ಯವಸ್ಥಾಪಕರು ಸಂಕೋಚದಿಂದ ಹೇಳಿದರು. ಬೇಡವೆಂದೆ. ಪ್ರಸಾದ ಮುಗಿಸಿ ಕೈತೊಳೆಯಲು ಹಿಂದೆ ಹೋದಾಗ, ನಲ್ಲಿಯ ಬಳಿ ಕೆಸರಾಗದಂತೆ ಹಳೆಯ ಕಲ್ಲುಗಳನ್ನು ಹೆಸರಿನ ಮುಖ ಕೆಳಗೆ ಮಾಡಿ ಸಾಲಾಗಿ ಹಾಸಿದ್ದರು. ಒಂದರ ಮೂಲೆ ಮುಕ್ಕಾಗಿತ್ತು. ಯಾರೋ ತಾಯಿ ಅದರ ಮೇಲೆ ನಿಂತು ತನ್ನ ಕೂಸಿನ ಬಾಯಿ ತೊಳೆಯುತ್ತಿದ್ದಳು. ಅವಳು ಮುಗಿಸುವವರೆಗೆ ನಿಂತಿದ್ದು, ನಾನೂ ಕೈತೊಳೆದುಕೊಂಡು ಬಂದೆ.